ಗೂಡು ಯಾರದೆಂದು ತಿಳಿದ ಮೇಲೆ ಕೈ ಹಾಕಬೇಕು: ಮನೆಯ ಸುತ್ತಲಿನ ಕಣಜಗಳನ್ನು ತೆಗೆಯುವ ವಿಚಾರ

ಮೂರು ವರ್ಷಗಳ ಹಿಂದೆ, ವಿಜಯಪುರದ ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ದನದ ಮನೆಯ ಪತ್ರಾಸಿನ ಕೆಳಗೆ ಅಂಗೈ ಅಗಲದ ಕಣಜದ ಗೂಡೊಂದನ್ನು ಕಂಡರು. ಬಿದಿರಿನ ಗಳಕ್ಕೆ ಹಳೆಯ ಧೋತರದ ತುಂಡು ಸುತ್ತಿ, ಚಿಮಣಿ ಎಣ್ಣೆಯಲ್ಲಿ ಅದ್ದಿ, ಮಟಮಟ ಮಧ್ಯಾಹ್ನ ನಿಚ್ಚಣಿಕೆ ಹತ್ತಿ ಕೊಳ್ಳಿ ಹಿಡಿದರು. ಗೂಡು ಕಣ್ಣು ಮುಚ್ಚಿ ತೆರೆಯುವುದರೊಳಗೆ ಉರಿದುಹೋಯಿತು. ಹುಳಗಳು ಮಾತ್ರ ಉರಿಯಲಿಲ್ಲ. ಐದಾರು ಹುಳ ನೇರವಾಗಿ ಮುಖಕ್ಕೆ ಎರಗಿದವು, ಕಾಕಾ ನಿಚ್ಚಣಿಕೆಯಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು, ಕೈಜಾರಿದ ಕೊಳ್ಳಿ ಒಟ್ಟಿದ್ದ ಕಣಿಕೆಯ ಮೇಲೆ ಬಿದ್ದು ಹೊತ್ತಿಕೊಂಡಿತು. ಓಣಿಯ ಮಂದಿ ಓಡಿ ಬಂದು ಬಾನಿಯ ನೀರು ಸುರುವಿ ಬೆಂಕಿ ಆರಿಸಿದರು. ನಾಲ್ಕನೆಯ ದಿನ ನೋಡಿದರೆ ಅದೇ ತೊಲೆಯ ಮೇಲೆ, ಸುಟ್ಟ ಕಪ್ಪು ಕಲೆಯಿಂದ ಗೇಣು ದೂರದಲ್ಲಿ, ಹೊಸ ಗೂಡಿನ ನಾಲ್ಕು ಕೋಣೆಗಳು ಎದ್ದಿದ್ದವು.

ಕಣಜದ ಗೂಡು ತೆಗೆಯುವಾಗ ನಮ್ಮ ಭಾಗದಲ್ಲಿ ಆಗುವ ತಪ್ಪುಗಳೆಲ್ಲ ಈ ಒಂದು ಮಧ್ಯಾಹ್ನದಲ್ಲಿ ಅಡಕವಾಗಿವೆ. ಆರಿಸಿಕೊಂಡ ಹೊತ್ತು ತಪ್ಪು, ಬಳಸಿದ ಸಾಧನ ತಪ್ಪು, ನಿಂತ ಜಾಗ ತಪ್ಪು. ಇವೆಲ್ಲಕ್ಕಿಂತ ಮೊದಲಿನ ತಪ್ಪೆಂದರೆ, ಗೂಡು ಯಾವ ಹುಳದ್ದು, ಅದು ಹೇಗೆ ಬದುಕುತ್ತದೆ ಎಂದು ನೋಡದೆ ಕೈ ಹಾಕಿದ್ದು. ಕಣಜ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಹುಳಗಳಲ್ಲಿ ಕೆಲವು ನಮ್ಮ ಮೈಮೇಲೆ ಕುಳಿತರೂ ಕಡಿಯುವುದಿಲ್ಲ, ಕೆಲವು ಗೂಡನ್ನು ಮುಟ್ಟಿದರೆ ಮಾತ್ರ ಕಡಿಯುತ್ತವೆ, ಇನ್ನು ಕೆಲವು ಗೂಡಿನ ಬಳಿ ಸುಳಿದರೂ ಸಾಕು ಬೆನ್ನಟ್ಟಿ ಬರುತ್ತವೆ. ಮೂರಕ್ಕೂ ಒಂದೇ ಮದ್ದು ಎನ್ನುವುದು ಸಲ್ಲದ ಮಾತು.

ಮೊದಲು ಕುಂಬಾರ ಹುಳವನ್ನು ಬೇರೆ ಮಾಡಿಕೊಳ್ಳಬೇಕು, ಏಕೆಂದರೆ ಜನ ಅನ್ಯಾಯವಾಗಿ ಹೆಚ್ಚು ಹೆದರುವುದು ಇದಕ್ಕೇ. ಬಚ್ಚಲ ನೀರು ಹರಿದು ಹಸಿಯಾದ ಮಣ್ಣಿನ ಹತ್ತಿರ ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತರೆ ಇದರ ಕೆಲಸ ಕಾಣುತ್ತದೆ. ದಾರದಷ್ಟು ಸಣ್ಣ ನಡು, ಕಪ್ಪು ಮೈ, ಹಳದಿ ಕಾಲು. ತಲೆ ತಗ್ಗಿಸಿ, ಹೊಟ್ಟೆಯನ್ನು ಮೇಲಕ್ಕೆತ್ತಿ, ರೆಕ್ಕೆ ನಡುಗಿಸುತ್ತ ಸಣ್ಣಗೆ ಗುಂಯ್‌ಗುಡುತ್ತ ಮಣ್ಣನ್ನು ಕೆರೆದು ಜೋಳದ ಕಾಳಿನಷ್ಟು ಉಂಡೆ ಮಾಡಿ, ಬಾಯಲ್ಲಿ ಕಚ್ಚಿಕೊಂಡು ಹಾರುತ್ತದೆ. ಆ ಉಂಡೆ ಪಡಸಾಲೆಯ ಮೂಲೆಗೋ, ಗಡಿಯಾರದ ಹಿಂದಕ್ಕೋ, ಗ್ರಂಥಗಳ ಸಾಲಿನ ನಡುವಿಗೋ ಹೋಗಿ ಸೇರುತ್ತದೆ. ಹೀಗೆ ನೂರಾರು ಸಲ ಓಡಾಡಿ ಕಟ್ಟಿದ ಮಣ್ಣಿನ ಕೊಳವೆಯಲ್ಲಿ ಇದು ತನ್ನ ಮರಿಗೆ ಬುತ್ತಿ ತುಂಬಿಡುತ್ತದೆ. ಉದ್ದ ಕೊಳವೆಗಳನ್ನು ಜೋಡಿಸುವ ಜಾತಿ ಜೇಡಗಳನ್ನು ತುಂಬುತ್ತದೆ. ಪುಟ್ಟ ಗಡಿಗೆಯಂತೆ ದುಂಡಗೆ, ಬಾಯಿಗೆ ಕಂಠ ಕೂಡ ಇಟ್ಟು ಕಟ್ಟುವ ಜಾತಿ ಹಸಿರು ಕೀಡಿಗಳನ್ನು ತುಂಬುತ್ತದೆ. ಕೀಡಿಯನ್ನು ಕೊಲ್ಲುವುದಿಲ್ಲ. ಕೊಂಡಿಯ ವಿಷದಿಂದ ಅದರ ಕೈಕಾಲು ಆಡದಂತೆ ಮಾಡಿ, ಕೊಳೆಯದೆ ತಾಜಾ ಉಳಿಯುವಂತೆ ಇಟ್ಟು, ಒಂದು ತತ್ತಿ ಹಾಕಿ, ಮಣ್ಣಿನ ಮುಚ್ಚಳ ಹಾಕಿ ಹೊರಟುಹೋಗುತ್ತದೆ.

ನಮ್ಮ ಹಿರಿಯರು ಈ ಗೂಡಿನೊಳಗೆ ಕೀಡಿ ಹೋಗುವುದನ್ನೂ, ಕೆಲವು ವಾರಗಳ ನಂತರ ಅದೇ ಗೂಡಿನಿಂದ ರೆಕ್ಕೆಯ ಹುಳ ಹೊರಬರುವುದನ್ನೂ ಕಣ್ಣಾರೆ ಕಂಡಿದ್ದರು. ಕೀಟವು ಭ್ರಮರವನ್ನೇ ನೆನೆದು ನೆನೆದು ತಾನೇ ಭ್ರಮರವಾಯಿತು ಎಂಬ ನ್ಯಾಯ ಹುಟ್ಟಿದ್ದು ಹೀಗೆ. ಗುರು ಮುಟ್ಟಿ ಶಿಷ್ಯ ಗುರುವಾಗುವುದನ್ನು ಹೇಳಲು ಶರಣರ ನಾಡಿನಲ್ಲಿ ಈ ಹೋಲಿಕೆ ಮತ್ತೆ ಮತ್ತೆ ಬಳಕೆಯಾಗಿದೆ. ಒಳಗೆ ನಡೆಯುವುದು ಬೇರೆ: ತತ್ತಿಯಿಂದ ಹೊರಬಂದ ಕಣಜದ ಮರಿ ಆ ಕೀಡಿಯನ್ನು ತಿಂದು ಬೆಳೆಯುತ್ತದೆ. ಆದರೂ ಹೋಲಿಕೆ ಮಾಡಿದವರ ನೋಟದ ಸೂಕ್ಷ್ಮತೆಯನ್ನು ನಾನು ಗೌರವಿಸುತ್ತೇನೆ. ಇಂದು ನಮ್ಮಲ್ಲಿ ಬಹಳ ಜನ ಅಷ್ಟನ್ನೂ ನೋಡದೆ ಕಸಬರಿಗೆ ಎತ್ತುತ್ತಾರೆ.

ಕುಂಬಾರ ಹುಳ ಒಂಟಿ ಜೀವಿ. ಗೂಡಿಗೆ ಕಾವಲು ನಿಲ್ಲುವ ಪದ್ಧತಿಯೇ ಅದಕ್ಕಿಲ್ಲ, ಆದ್ದರಿಂದ ಕೈಯಲ್ಲಿ ಹಿಸುಕದ ಹೊರತು ಅದು ಕಡಿಯುವುದಿಲ್ಲ. ಗೋಡೆಯ ಅಂದ ಕೆಡುತ್ತದೆ ಎನಿಸಿದರೆ, ಮಗ್ಗುಲಲ್ಲಿ ದುಂಡಗಿನ ತೂತು ಬಿದ್ದ ಗೂಡನ್ನು, ಅಂದರೆ ಮರಿ ಹೊರಟುಹೋದ ಗೂಡನ್ನು, ಖುರ್ಪಿಯಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಔಷಧ ಬೇಕಿಲ್ಲ. ಒಂದು ಎಚ್ಚರ ಮಾತ್ರ ಇರಲಿ: ಈ ಹುಳ ಬೆರಳು ಹಿಡಿಯುವಷ್ಟು ಅಗಲದ ಯಾವುದೇ ತೂತನ್ನೂ ಮಣ್ಣಿನಿಂದ ಮುಚ್ಚಿಬಿಡುತ್ತದೆ. ಗ್ಯಾಸ್ ಗೀಸರಿನ ಹೊಗೆ ಕೊಳವೆ, ಬಹಳ ದಿನ ನಿಲ್ಲಿಸಿದ ಬೈಕಿನ ಸೈಲೆನ್ಸರ್, ಪಂಪ್‌ಸೆಟ್ಟಿನ ಪೈಪು, ಬಳಸದ ಪ್ಲಗ್ಗಿನ ರಂಧ್ರ, ಇವನ್ನು ತಿಂಗಳಿಗೊಮ್ಮೆ ನೋಡಬೇಕು. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ 189 ಜನ ತೀರಿಕೊಂಡರು. ಅದರ ವೇಗ ಅಳೆಯುವ ಕೊಳವೆ ಮುಚ್ಚಿಹೋಗಿತ್ತು, ಮುಚ್ಚಿದ್ದು ಬಹುಶಃ ಇಂಥದೇ ಹುಳ ಎಂದು ತನಿಖೆ ಮಾಡಿದವರು ಶಂಕಿಸಿದರು. ಗೀಸರಿನ ಹೊಗೆ ಹೊರಗೆ ಹೋಗದೆ ಬಚ್ಚಲಲ್ಲಿ ತುಂಬಿಕೊಂಡರೂ ಜೀವಕ್ಕೆ ಅಪಾಯವೇ.

ಎರಡನೆಯದು, ಸಜ್ಜಾದ ಕೆಳಗೆ, ಕಿಟಕಿಯ ಚೌಕಟ್ಟಿನಲ್ಲಿ, ಗೇಟಿನ ಪೈಪಿನೊಳಗೆ, ನೀರಿನ ಟಾಕಿಯ ಮುಚ್ಚಳದ ಒಳಬದಿಯಲ್ಲಿ ಬೂದು ಬಣ್ಣದ ಗೂಡು ತೂಗುಹಾಕುವ ಕಣಜ. ಮನೆಯವರಿಗೆ ನಿಜವಾಗಿ ತೊಡಕು ತರುವುದು ಹೆಚ್ಚಾಗಿ ಇದೇ. ಇದರ ಗೂಡು ಮೇಣದ್ದಲ್ಲ, ಕಾಗದದ್ದು. ಒಣ ಕಟ್ಟಿಗೆಯ ಬೇಲಿ, ಹಳೆಯ ಬಾಗಿಲು, ಕಣಿಕೆಯ ದಂಟುಗಳಿಂದ ನಾರನ್ನು ಹಲ್ಲಿನಿಂದ ಹೆರೆದು, ಜೊಲ್ಲಿನಲ್ಲಿ ಕಲಸಿ, ಆರು ಮೂಲೆಯ ಕೋಣೆಗಳಾಗಿ ಹಚ್ಚುತ್ತ ಹೋಗುತ್ತದೆ. ಗೂಡಿನ ಬಾಯಿಗಳೆಲ್ಲ ಕೆಳಮುಖವಾಗಿ ತೆರೆದಿರುತ್ತವೆ. ಇಡೀ ಗೂಡು ಒಂದು ಸಣ್ಣ ತೊಟ್ಟಿನ ಮೇಲೆ ನೇತಾಡುತ್ತದೆ. ಆ ತೊಟ್ಟೇ ಅದರ ಕೋಟೆಯ ಬಾಗಿಲು. ತತ್ತಿ ಕದಿಯಲು ಬರುವ ಇರುವೆಗಳು ಅದೊಂದೇ ದಾರಿಯಲ್ಲಿ ಬರಬೇಕಾಗಿರುವುದರಿಂದ, ಹುಳ ತನ್ನ ಹೊಟ್ಟೆಯ ಗ್ರಂಥಿಯಿಂದ ಇರುವೆಗೆ ಸಹಿಸದ ರಸವನ್ನು ಒರೆಸಿ ತೊಟ್ಟನ್ನು ಕಾಯುತ್ತದೆ.

ಈ ಜಾತಿಯ ಕಣಜಗಳ ಬಗ್ಗೆ ಜಗತ್ತಿಗೆ ತಿಳಿದಿರುವ ಎಷ್ಟೋ ಸಂಗತಿಗಳು ನಮ್ಮ ರಾಜ್ಯದಿಂದಲೇ ಹೊರಟವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಕ್ಷಿಣ ಭಾರತದ ಸಾಮಾನ್ಯ ಕಣಜವಾದ ರೊಪಾಲಿಡಿಯಾ ಮಾರ್ಜಿನೇಟಾವನ್ನು ದಶಕಗಳ ಕಾಲ, ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತಿಸಿ, ಅಧ್ಯಯನ ಮಾಡಿದ್ದಾರೆ. ಮನೆಯವರಿಗೆ ಆ ಕೆಲಸದಿಂದ ಸಿಗುವ ಬಹುಮುಖ್ಯ ತಿಳಿವಳಿಕೆ ಇದು: ನಮ್ಮಲ್ಲಿ ಈ ಕಣಜಗಳಿಗೆ ಗೂಡು ಕಟ್ಟಲು ಇಂಥದೇ ಋತು ಎಂಬುದಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಹುಟ್ಟಬಹುದು. ಒಂದು ರಾಣಿ ಸತ್ತರೆ ಇನ್ನೊಂದು ಹೆಣ್ಣು ಅದರ ಜಾಗಕ್ಕೆ ಬರುತ್ತದೆ, ಗೂಡು ಮುಂದುವರಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಣಜದ ಗೂಡಿನ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಚಳಿ ದೇಶಗಳವು. ಅಲ್ಲಿ ಹಿಮ ಬೀಳುವ ಹೊತ್ತಿಗೆ ಇಡೀ ಗೂಡು ಸತ್ತು, ಮುಂದಿನ ವರ್ಷದ ರಾಣಿಗಳಷ್ಟೇ ಎಲ್ಲಿಯೋ ಅಡಗಿ ಉಳಿಯುತ್ತವೆ. ಹಾಗಾಗಿ, ಚಳಿಗಾಲದವರೆಗೆ ತಡೆದರೆ ಗೂಡು ತಾನಾಗಿ ಖಾಲಿಯಾಗುತ್ತದೆ ಎಂಬ ಮಾತು ಅಲ್ಲಿ ನಿಜ. ಡಿಸೆಂಬರಿನಲ್ಲೂ ಮಧ್ಯಾಹ್ನ ಅಂಗಿ ಬೆವರುವ ವಿಜಯಪುರ, ಬಾಗಲಕೋಟೆಯಲ್ಲಿ ಹಾಗೆ ಕಾದು ಕೂತರೆ, ಹತ್ತು ಹುಳದ ಗೂಡು ಐವತ್ತು ಹುಳದ ಗೂಡಾಗುತ್ತದೆ, ಅಷ್ಟೆ. ಇಲ್ಲಿ ತೀರ್ಮಾನವನ್ನು ಬೇಗ ಮಾಡಬೇಕು: ಬಿಡುವುದಾದರೆ ಬಿಡಬೇಕು, ತೆಗೆಯುವುದಾದರೆ ಗೂಡು ರೂಪಾಯಿ ಅಗಲ ಇದ್ದಾಗಲೇ ತೆಗೆಯಬೇಕು.

ಬಿಡುವುದು ಎಂಬ ಆಯ್ಕೆಯನ್ನು ನಾನು ಸುಮ್ಮನೆ ಸೇರಿಸಿಲ್ಲ. ಈ ಕಣಜಗಳು ಬೆಳೆದ ಮೇಲೆ ಹೂವಿನ ರಸ ಕುಡಿದು ಬದುಕುತ್ತವೆಯಾದರೂ, ಗೂಡಿನ ಮರಿಗಳಿಗೆ ಮಾಂಸ ಬೇಕು. ದಿನವಿಡೀ ಅವು ಬದನೆ, ಮೆಣಸಿನಕಾಯಿ, ಹತ್ತಿ, ತೊಗರಿ ಗಿಡಗಳ ಎಲೆ ತಿರುವಿ ಕೀಡಿಗಳನ್ನು ಹಿಡಿದು, ಅಗಿದು, ಮುದ್ದೆ ಮಾಡಿ ಒಯ್ಯುತ್ತವೆ. ತೊಗರಿಗೆ ಕೀಡಿ ಬಿದ್ದರೆ ಎಷ್ಟು ಸಲ ಔಷಧ ಹೊಡೆಯಬೇಕು, ಎಷ್ಟು ಹಣ ಹೋಗುತ್ತದೆ ಎಂಬುದು ನಮ್ಮ ಜಿಲ್ಲೆಯ ಯಾವ ರೈತರಿಗೂ ಹೇಳಿಕೊಡಬೇಕಾದದ್ದಲ್ಲ. ಹಿತ್ತಲ ಕೊನೆಯ ಬೇವಿನ ಮರದಲ್ಲಿ, ಹೊಲದ ಬದುವಿನ ಜಾಲಿಯಲ್ಲಿ, ಯಾರೂ ಏರದ ಮಾಳಿಗೆಯ ಅಂಚಿನಲ್ಲಿ ಇರುವ ಗೂಡನ್ನು ತೆಗೆಯಲು ಹೋಗುವುದು ಸಂಬಳವಿಲ್ಲದ ಆಳನ್ನು ಓಡಿಸಿದಂತೆ. ದ್ರಾಕ್ಷಿ ತೋಟದವರ ದೂರು ಬೇರೆ ರೀತಿಯದು. ಹಣ್ಣಾದ ಗೊನೆಯ ಮೇಲೆ ಕಣಜ ಕೂರುವುದು ನಿಜ, ಆದರೆ ಅವು ಹೆಚ್ಚಾಗಿ ಬರುವುದು ಸಿಪ್ಪೆ ಮೊದಲೇ ಸೀಳಿದ ಹಣ್ಣಿಗೆ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಸೋರಿದ ರಸಕ್ಕೆ. ಅಲ್ಲಿ ಸೀಳಿದ ಹಣ್ಣನ್ನು ದಿನವೂ ಆಯ್ದು ಹೂಳುವುದು ಗೂಡು ಹುಡುಕಿ ಸುಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ತೆಗೆಯಲೇಬೇಕಾದ ಜಾಗಗಳೂ ಇವೆ. ಬಾಗಿಲ ಚೌಕಟ್ಟು, ಮಕ್ಕಳು ಆಡುವ ಅಂಗಳ, ಶಾಲೆಯ ಕಾರಿಡಾರು, ಬಟ್ಟೆ ಒಣಹಾಕುವ ತಂತಿಯ ಮೇಲಿನ ಸಜ್ಜಾ, ದನ ಕಟ್ಟುವ ಗೋದಲಿಯ ಮೇಲ್ಭಾಗ, ಹಾಗೂ ಹಿಂದೆ ಹುಳ ಕಡಿದು ಮೈಯೆಲ್ಲ ಬಾತು ಆಸ್ಪತ್ರೆ ಸೇರಿದವರು ವಾಸಿಸುವ ಮನೆಯ ಯಾವುದೇ ಮೂಲೆ.

ಮೂರನೆಯದನ್ನು ಹೇಳಿಬಿಟ್ಟು ತೆಗೆಯುವ ಕ್ರಮಕ್ಕೆ ಬರುತ್ತೇನೆ. ಹೆಬ್ಬೆರಳಿನ ಗಾತ್ರಕ್ಕೆ ಹತ್ತಿರ ಬರುವ ದೊಡ್ಡ ಕಣಜ, ಕಪ್ಪು ಅಥವಾ ಕಂದು ಮೈ, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿ. ಬೆಳಗಾವಿಯ ಕಡೆ ಮರಾಠಿ ಮಾತನಾಡುವವರು ಗಾಂಧೀಲ್ ಮಾಶಿ ಎನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಇದೇ. ಇದು ಗೋಡೆಯ ಪೊಳ್ಳಿನಲ್ಲಿ, ಹಳೆಯ ಬಾವಿಯ ಕಲ್ಲುಸಂದಿನಲ್ಲಿ, ನೆಲದ ಬಿಲದಲ್ಲಿ, ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಗೂಡು ಕಾಣುವುದಿಲ್ಲ, ಒಂದೇ ತೂತಿನಿಂದ ಹುಳಗಳು ಸಾಲಾಗಿ ಹೋಗಿ ಬರುವುದಷ್ಟೇ ಕಾಣುತ್ತದೆ. ಕಾಗದದ ಗೂಡಿನ ಸಣ್ಣ ಕಣಜಗಳಿಗೂ ಇದು ಶತ್ರು. ನಿನ್ನೆ ತುಂಬಿದ್ದ ಸಜ್ಜಾದ ಗೂಡು ಇಂದು ಇದ್ದಕ್ಕಿದ್ದಂತೆ ಬರಿದಾಗಿದ್ದರೆ, ದೊಡ್ಡ ಕಣಜ ಬಂದು ಮರಿಗಳನ್ನು ಹೊತ್ತೊಯ್ದಿರುವ ಸಾಧ್ಯತೆ ಇದೆ. ಈ ಗೂಡಿಗೆ ಮನೆಯವರು ಕೈ ಹಾಕಬಾರದು. ತೂತಿಗೆ ಸಿಮೆಂಟ್ ಮೆತ್ತುವುದಂತೂ ಕೂಡದು. ಒಳಗೆ ಸಿಕ್ಕಿಬಿದ್ದ ಹುಳಗಳು ಗೋಡೆಯ ಇನ್ನೊಂದು ಬದಿಯ ಸಡಿಲ ಗಿಲಾವನ್ನು ಕೆರೆದು ಮಲಗುವ ಕೋಣೆಗೇ ಇಳಿಯಬಹುದು. ಕೀಟ ನಿಯಂತ್ರಣದವರು ಮೈತುಂಬ ಕವಚ ಹಾಕಿಕೊಂಡು ಆ ತೂತಿನೊಳಗೆ ಪುಡಿಯ ರೂಪದ ಔಷಧ ಊದುತ್ತಾರೆ. ಹೋಗಿ ಬರುವ ಹುಳಗಳು ಅದನ್ನು ಕಾಲಿಗೆ ಮೆತ್ತಿಕೊಂಡು ಗೂಡಿನ ಆಳಕ್ಕೆ ಒಯ್ಯುತ್ತವೆ. ಅಂಥವರು ಹತ್ತಿರ ಇಲ್ಲದಿದ್ದರೆ ಅಗ್ನಿಶಾಮಕ ಠಾಣೆಯಲ್ಲಿ ಕೇಳಬಹುದು. ತುರ್ತು ಇದ್ದರೆ 112.

ಜೇನನ್ನು ಕಣಜ ಎಂದು ತಿಳಿಯುವ ತಪ್ಪೂ ಆಗುತ್ತದೆ. ನೀರಿನ ಟಾಕಿಯ ಅಡಿ, ಎತ್ತರದ ಕಮಾನು, ದೊಡ್ಡ ಆಲದ ಕೊಂಬೆಗಳಲ್ಲಿ ಒಂದೇ ದೊಡ್ಡ ಹಲ್ಲೆಯಂತೆ ನೇತಾಡುತ್ತ, ಮೇಲೆಲ್ಲ ಹುಳಗಳ ಹೊದಿಕೆಯೇ ಇದ್ದರೆ ಅದು ಹೆಜ್ಜೇನು. ಅದನ್ನು ಕಲ್ಲಿನಿಂದಾಗಲಿ ಹೊಗೆಯಿಂದಾಗಲಿ ಕೆಣಕಬಾರದು. ಜೇನು ಸಾಕುವವರನ್ನು ಕರೆಯಬೇಕು. ಅಂಥವರ ಪರಿಚಯ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ.

ಈಗ ಎರಡನೆಯ ಜಾತಿಯ ಗೂಡನ್ನು ತೆಗೆಯುವುದು ಹೇಗೆ? ಒಂದೆರಡು ಹುಳ ಮಾತ್ರ ಇದ್ದು, ಐದಾರು ಕೋಣೆ ಎದ್ದಿರುವ ಹಂತವಾದರೆ ಔಷಧವೇ ಬೇಡ. ಬೆಳಗಿನ ಹೊತ್ತು ಹುಳ ಹೊರಗೆ ಹೋದದ್ದನ್ನು ನೋಡಿಕೊಂಡು, ಉದ್ದ ಗಳದಿಂದ ಗೂಡನ್ನು ತೊಟ್ಟಿನ ಸಮೇತ ಕೆರೆದು ಬೀಳಿಸಬೇಕು, ಆ ಜಾಗವನ್ನು ಸೋಪಿನ ನೀರಿನಿಂದ ತಿಕ್ಕಬೇಕು. ಹುಳ ಮರಳಿ ಬಂದು ಅಲ್ಲಿಯೇ ಸುತ್ತುತ್ತದೆ, ಮರುದಿನ ಹೊಸ ತೊಟ್ಟು ಹಾಕುತ್ತದೆ, ಅದನ್ನೂ ಕೆರೆಯಬೇಕು. ನಾಲ್ಕೈದು ದಿನ ಬೇಸರಿಸದೆ ಹೀಗೆ ಮಾಡಿದರೆ ಅದು ಜಾಗ ಬದಲಿಸುತ್ತದೆ. ನಮ್ಮ ಮನೆಯ ಕಿಟಕಿಯಲ್ಲಿ ನಾನು ಅನುಸರಿಸುವುದು ಇದೊಂದೇ ಕ್ರಮ.

ಗೂಡು ಅಂಗೈಯಷ್ಟಾಗಿ, ಹತ್ತು ಇಪ್ಪತ್ತು ಹುಳ ಕೂತಿದ್ದರೆ, ಕೆಲಸ ಸೂರ್ಯ ಮುಳುಗಿ ಒಂದು ತಾಸಾದ ಮೇಲೆ ಆಗಬೇಕು. ಹಗಲಿನಲ್ಲಿ ಅರ್ಧದಷ್ಟು ಹುಳ ಹೊಲ ಹಿತ್ತಲು ಸುತ್ತಲು ಹೋಗಿರುತ್ತವೆ. ಕಾಕಾ ಸುಟ್ಟ ಗೂಡಿಗೆ ಸಂಜೆ ಮರಳಿ ಬಂದವು ಅವೇ, ಹೊಸ ಗೂಡು ಎಬ್ಬಿಸಿದವೂ ಅವೇ. ಕತ್ತಲಾದ ಮೇಲೆ ಎಲ್ಲವೂ ಗೂಡಿನ ಮೇಲಿರುತ್ತವೆ, ಹಾರಾಟವೂ ಕಡಿಮೆ. ಬ್ಯಾಟರಿಯ ಬೆಳಕನ್ನು ಕೈಯಲ್ಲಿ ಹಿಡಿದು ನಿಲ್ಲಬಾರದು, ಎದ್ದ ಹುಳ ಬೆಳಕಿನತ್ತ ಬರುತ್ತದೆ. ಗಾಜಿಗೆ ಕೆಂಪು ಕಾಗದ ಸುತ್ತಿ, ಬ್ಯಾಟರಿಯನ್ನು ನಿಮ್ಮಿಂದ ದೂರ ಒಂದು ಕಟ್ಟೆಯ ಮೇಲಿಟ್ಟು ಗೂಡಿನತ್ತ ತಿರುಗಿಸಿ ಇಡುವುದು ಒಳ್ಳೆಯದು. ದಪ್ಪ ಬಟ್ಟೆಯ ಪೂರ್ಣ ತೋಳಿನ ಅಂಗಿ, ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಬೂಟು, ಗಾಜು ಇಳಿಬಿಟ್ಟ ಹೆಲ್ಮೆಟ್, ಕುತ್ತಿಗೆಗೆ ಟವೆಲ್, ಕೈಗವಸು. ಗೂಡಿನ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಹಿಂದೆ ಸರಿಯುವ ದಾರಿಯಲ್ಲಿ ಒಂದು ಕೊಡವೂ ಅಡ್ಡ ಇರಬಾರದು. ನಿಚ್ಚಣಿಕೆ ಏರಿದರೆ ಮಾತ್ರ ಸಿಗುವ ಗೂಡು ಮನೆಯವರ ಕೆಲಸವಲ್ಲ.

ಔಷಧವೆಂದರೆ ಅಂಗಡಿಯಲ್ಲಿ ಜಿರಳೆ, ನೊಣಗಳಿಗೆಂದು ಸಿಗುವ ಪೈರೆಥ್ರಾಯ್ಡ್ ಸ್ಪ್ರೇ ಸಾಕು. ಅದು ಹುಳದ ನರಗಳನ್ನು ಹಿಡಿದು ಕೆಲವೇ ಕ್ಷಣಗಳಲ್ಲಿ ಕೆಡವುತ್ತದೆ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ಎರಡು ಚಮಚ ಬೆರೆಸಿ, ಗಿಡಕ್ಕೆ ನೀರು ಚಿಮುಕಿಸುವ ಪಂಪಿನಲ್ಲಿ ಒಂದೇ ಸಮನೆ ಹೊಡೆಯಬಹುದು. ಬರಿ ನೀರು ಹುಳದ ಮೇಣದಂಥ ಮೈಮೇಲೆ ನಿಲ್ಲದೆ ಉರುಳಿಬಿಡುತ್ತದೆ; ಸೋಪು ಬೆರೆತರೆ ಮೈಗೆ ಅಂಟಿ, ಹೊಟ್ಟೆಯ ಬದಿಗಳಲ್ಲಿರುವ ಉಸಿರಿನ ರಂಧ್ರಗಳಿಗೆ ಇಳಿದು, ರೆಕ್ಕೆಯನ್ನೂ ಒದ್ದೆಮಾಡಿ ಏಳದಂತೆ ಮಾಡುತ್ತದೆ. ವಿದ್ಯುತ್ ಮೀಟರಿನ ಪೆಟ್ಟಿಗೆಯಲ್ಲಿ ಗೂಡಿದ್ದರೆ ಇವೆರಡೂ ಬೇಡ. 1912ಕ್ಕೆ ಕರೆ ಮಾಡಿ ಹೆಸ್ಕಾಂನವರು ಬಂದು ಸಂಪರ್ಕ ಕಡಿದ ಮೇಲಷ್ಟೇ ಮುಂದಿನ ಮಾತು. ಸ್ಪ್ರೇ ಹೊಡೆದು ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಬೆಳಿಗ್ಗೆ ದೂರದಿಂದ ನೋಡಿ, ಅಲುಗಾಟ ಇಲ್ಲವೆಂದು ಖಚಿತವಾದ ಮೇಲೆ ಗೂಡನ್ನು ತೊಟ್ಟಿನ ಸಮೇತ ಕೆರೆದು, ಚೀಲದಲ್ಲಿ ಕಟ್ಟಿ ಹೂಳಬೇಕು. ರೇಷ್ಮೆಯ ಬಿಳಿ ಮುಚ್ಚಳ ಬಿದ್ದ ಕೋಣೆಗಳೊಳಗೆ ಇನ್ನೂ ಜೀವಂತ ಹುಳ ಇರಬಹುದು. ಅವು ಒಂದೆರಡು ವಾರ ಬಿಟ್ಟು ಹೊರಬರುತ್ತವೆ, ಆದ್ದರಿಂದ ಗೂಡನ್ನು ಹಾಗೆಯೇ ಬಿಡುವಂತಿಲ್ಲ.

ಹೊಲಕ್ಕೆ ತಂದಿಟ್ಟ ಕೀಟನಾಶಕವನ್ನು ಮನೆಯಲ್ಲಿ ಬಳಸುವ ರೂಢಿಯನ್ನು ಕೈಮುಗಿದು ಬೇಡುತ್ತೇನೆ, ಬಿಡಬೇಕು. ಅಡುಗೆಮನೆಯ ಕಿಟಕಿಯ ಮೇಲೆ ಹೊಡೆದ ಆ ವಿಷ ಗಾಳಿಯಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ, ತೊಟ್ಟಿಲ ಬಟ್ಟೆಯ ಮೇಲೆ ಕೂರುತ್ತದೆ. ಕೆಲವರ ಅಟ್ಟದ ಮೇಲೆ ಇನ್ನೂ ಹಳೆಯ ಬಾಟಲಿಗಳಿರುವ ಡೈಕ್ಲೋರ್‌ವಾಸ್ ಔಷಧವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಪೂರ್ತಿ ನಿಷೇಧಿಸಲಾಗಿದೆ.

ಬೆಂಕಿಯ ಮಾತು ಮೊದಲೇ ಬಂದಿದೆ. ಹೊಗೆಯ ಬಗ್ಗೆ ಒಂದು ಮಾತು ಹೇಳಬೇಕು. ಜೇನು ಬಿಡಿಸುವವರು ಹೊಗೆ ಹಾಕುವುದನ್ನು ಕಂಡು, ಕಣಜಕ್ಕೂ ಅದೇ ಸಾಕು ಎಂದು ಬೇವಿನ ಸೊಪ್ಪು, ಕುಳ್ಳಿನ ಹೊಗೆ ಹಾಕುವವರಿದ್ದಾರೆ. ಹೊಗೆ ತಟ್ಟಿದಾಗ ಜೇನುಹುಳ ಹೊಟ್ಟೆ ತುಂಬ ಜೇನು ಕುಡಿಯಲು ತೊಡಗುತ್ತದೆ, ಅಪಾಯದ ಸೂಚನೆಯ ವಾಸನೆಯೂ ಅದಕ್ಕೆ ತಿಳಿಯದಾಗುತ್ತದೆ, ಅದರಿಂದ ಶಾಂತವಾಗುತ್ತದೆ. ಕಣಜದ ಗೂಡಿನಲ್ಲಿ ಕುಡಿಯಲು ಜೇನಿನ ಸಂಗ್ರಹವೇ ಇಲ್ಲ. ಅದು ಹೊಗೆಗೆ ಸ್ವಲ್ಪ ದೂರ ಸರಿದು, ಹೊಗೆ ತಿಳಿಯಾದ ಮೇಲೆ ಮರಳುತ್ತದೆ.

ಕಡಿದರೆ ಏನು ಮಾಡಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ಕೊಂಡಿ ಎಂಬುದು ತತ್ತಿ ಇಡುವ ಅಂಗವೇ ಮಾರ್ಪಟ್ಟು ಆದದ್ದು, ಹೀಗಾಗಿ ಹೆಣ್ಣು ಹುಳಕ್ಕೆ ಮಾತ್ರ ಇರುತ್ತದೆ. ಜೇನಿನ ಕೊಂಡಿಗೆ ಹಿಮ್ಮುಖ ಮುಳ್ಳುಗಳಿರುವುದರಿಂದ ಅದು ಚರ್ಮದಲ್ಲೇ ಉಳಿದು ಹುಳ ಸಾಯುತ್ತದೆ; ಕಣಜದ್ದು ನುಣುಪಾದ ಕಾರಣ ಅದು ಹೊರಗೆಳೆದು ಮತ್ತೆ ಮತ್ತೆ ಕಡಿಯಬಲ್ಲದು. ಕಡಿದ ಹುಳವನ್ನು ಅಲ್ಲಿಯೇ ಹೊಸಕಿದರೆ ಅದರಿಂದ ಹೊರಡುವ ವಾಸನೆ ಉಳಿದವನ್ನು ಕೆರಳಿಸಬಹುದು, ಮುಖ್ಯವಾಗಿ ದೊಡ್ಡ ಕಣಜದಲ್ಲಿ. ಆದ್ದರಿಂದ ಕೈಬೀಸದೆ, ಮುಖ ಮುಚ್ಚಿಕೊಂಡು, ನೇರವಾಗಿ ಓಡಿ ಒಳಗೆ ಸೇರಬೇಕು. ಕಡಿದ ಜಾಗವನ್ನು ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು, ಬೆರಳಿಗೆ ಕಡಿದಿದ್ದರೆ ಬಾವು ಬರುವ ಮೊದಲೇ ಉಂಗುರ ತೆಗೆಯಬೇಕು. ತುರಿಕೆಗೆ ಸೆಟ್ರಿಜಿನ್, ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕಾಗುತ್ತವೆ. ಎರಡನೆಯ ದಿನ ಬಾವು ಹೆಚ್ಚಿದಂತೆ ಕಂಡರೂ ನಂತರ ಇಳಿಯುತ್ತದೆ.

ನಮ್ಮ ಮನೆಗಳಲ್ಲಿ ಸುಣ್ಣ ಹಚ್ಚುತ್ತಾರೆ, ಕಬ್ಬಿಣ ತಿಕ್ಕುತ್ತಾರೆ, ಚಿಮಣಿ ಎಣ್ಣೆ ಸವರುತ್ತಾರೆ. ಜೇನಿನ ವಿಷ ಹುಳಿ, ಅದಕ್ಕೆ ಸುಣ್ಣ. ಕಣಜದ ವಿಷ ಕ್ಷಾರ, ಅದಕ್ಕೆ ಲಿಂಬೆ ಎಂಬ ಮಾತನ್ನು ಪಾಠದಂತೆ ಹೇಳುವವರೂ ಇದ್ದಾರೆ. ವಿಷ ಸೇರಿದ್ದು ಚರ್ಮದ ಕೆಳಗೆ, ಸವರಿದ್ದು ಚರ್ಮದ ಮೇಲೆ. ಜೊತೆಗೆ ನೋವು ಹುಟ್ಟಿಸುವುದು ಹುಳಿ ಅಥವಾ ಕ್ಷಾರವಲ್ಲ, ವಿಷದಲ್ಲಿರುವ ಪ್ರೋಟೀನು, ಹಿಸ್ಟಮಿನ್ ಮೊದಲಾದ ವಸ್ತುಗಳು. ಸುಣ್ಣದಿಂದ ಆಗುವುದು ಚರ್ಮ ಸುಡುವುದೊಂದೇ.

ಕೆಲವರ ದೇಹ ಒಂದೇ ಕಡಿತಕ್ಕೆ ಮಿತಿಮೀರಿ ಪ್ರತಿಕ್ರಿಯಿಸುತ್ತದೆ. ಕಡಿದ ಅರ್ಧ ತಾಸಿನೊಳಗೆ ಕಡಿದ ಜಾಗದಿಂದ ದೂರದಲ್ಲೂ ಮೈಮೇಲೆ ಗಂದೆ ಏಳುವುದು, ತುಟಿ ನಾಲಿಗೆ ಬಾಯುವುದು, ದನಿ ಒಡೆಯುವುದು, ಉಸಿರು ಕಟ್ಟುವುದು, ವಾಂತಿ, ಕಣ್ಣು ಕತ್ತಲೆ ಬಂದು ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಒಂದು ನಿಮಿಷ ಕೂಡ ಕಾಯದೆ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಯಾವುದೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಮೊದಲು ಕೊಡಬೇಕಾದ ಮದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಅದರ ಜಾಗ ತುಂಬಲಾರದು. ರೋಗಿಯನ್ನು ಎಬ್ಬಿಸಿ ನಡೆಸದೆ, ಮಲಗಿಸಿ ಕಾಲು ಎತ್ತರಿಸಿ ಇಡಬೇಕು. ಉಸಿರಿನ ತೊಂದರೆ ಇದ್ದರೆ ಒರಗಿಸಿ ಕೂರಿಸಬೇಕು. ಗಂಟಲು, ಬಾಯಿಯೊಳಗೆ ಕಡಿದರೂ ಆಸ್ಪತ್ರೆಯೇ ಗತಿ. ಅಲರ್ಜಿ ಇಲ್ಲದವರಿಗೂ ಹತ್ತಾರು ಕಡಿತ ಒಟ್ಟಿಗೆ ಬಿದ್ದರೆ, ಮುಖ್ಯವಾಗಿ ದೊಡ್ಡ ಕಣಜದವು, ಸ್ನಾಯುಗಳು ಹಾಳಾಗಿ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಇದು ಒಂದೆರಡು ದಿನ ತಡವಾಗಿ ತೋರುತ್ತದೆ; ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಕಡಿಮೆಯಾದರೆ, ಅದನ್ನು ಉಷ್ಣ ಎಂದು ಬಿಟ್ಟುಬಿಡಬಾರದು.

ಮುಂದೆ ಗೂಡು ಕಟ್ಟದಂತೆ ಮಾಡಲು ಮಾಯದ ಮದ್ದು ಇಲ್ಲ. ಗೇಟಿನ ಪೈಪಿನ ತೆರೆದ ಬಾಯಿಗಳನ್ನು ಎಂ-ಸೀಲ್‌ನಿಂದ ಮುಚ್ಚುವುದು, ಬೆಳಕಿಂಡಿಗೆ ಸಣ್ಣ ಜಾಳಿಗೆ ಹಾಕುವುದು, ಜಂತಿ ತೊಲೆಗಳಿಗೆ ಎಣ್ಣೆ ಬಣ್ಣ ಬಳಿಯುವುದು, ಸೋರುವ ನಲ್ಲಿಯನ್ನು ಸರಿಪಡಿಸುವುದು, ಇಷ್ಟೇ. ನಲ್ಲಿಯ ಮಾತು ಸಣ್ಣದೆನಿಸಬಹುದು. ಆದರೆ ಕಡು ಬೇಸಿಗೆಯಲ್ಲಿ ಕಣಜಗಳು ಗೂಡನ್ನು ತಂಪಾಗಿಡಲು ಬಾಯಲ್ಲಿ ನೀರು ತಂದು ಕೋಣೆಗಳ ಮೇಲೆ ಹರಡಿ ರೆಕ್ಕೆಯಿಂದ ಗಾಳಿ ಬೀಸುತ್ತವೆ. ನೆರಳು ಮತ್ತು ನೀರು ಎರಡೂ ಹತ್ತಿರವಿರುವ ಮನೆ ಅವುಗಳಿಗೆ ಅನುಕೂಲದ ಮನೆ. ಕಂದು ಕಾಗದದ ಸುಳ್ಳು ಗೂಡು ತೂಗುಹಾಕಿದರೆ ಬರುವುದಿಲ್ಲ ಎಂದು ಮಾರುವವರ ಮಾತನ್ನು ನಾನು ನಂಬುವುದಿಲ್ಲ.

ಕಾಕಾ ಈಗ ಪ್ರತಿ ಯುಗಾದಿಗೆ ಮೊದಲು ದನದ ಮನೆಯ ತೊಲೆಗಳಿಗೆ ಬಣ್ಣ ಹೊಡೆಸುತ್ತಾರೆ. ಈ ವರ್ಷ ಬಣ್ಣದವನು ಮೂಲೆಯಲ್ಲಿದ್ದ ಮಣ್ಣಿನ ಪುಟ್ಟ ಗಡಿಗೆಗಳನ್ನು ಕೆರೆಯಲು ಹೋದಾಗ ಕೆಳಗಿನಿಂದಲೇ ಕೂಗಿದರು: "ತಮ್ಮಾ, ಅದು ಕುಂಬಾರ ಹುಳದ್ದೈತಿ, ತೂತು ಬಿದ್ದಿಲ್ಲ ನೋಡು. ಅದನ್ನ ಬಿಟ್ಟು ಹಚ್ಚು."